ತಂಬೋರಾ, ಹೈಲ್‌ಬ್ರಾನ್ ಮತ್ತು ದೇವರ ಮುನಿಸು

ನಾವು ವಾಸವಾಗಿರುವ ಅಬ್‌ಸ್ಟಾಟ್ ದ್ರಾಕ್ಷಿ ತೋಟಗಳ ನಡುವಿನ ಒಂದು ಸಣ್ಣ ಊರು. ಗುಡ್ಡದ ಮೇಲೆ ವಿಲ್ಡೆಕ್ ಎಂಬ ಹಳೆಯ ಕೋಟೆಯಿದೆ. ಕೆಳಗೆ, ನಮ್ಮ ಕನ್ನಡ ಕುಟುಂಬಗಳಿಗೂ ಅಪರಿಚಿತವಲ್ಲದ ಬಾಷ್ ಸಂಸ್ಥೆಯ ಕಟ್ಟಡಗಳಿವೆ. ಇಲ್ಲಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ ನೆಕ್ಕಾರ್ ನದಿಯ ದಡದ ಮೇಲೆ ಹೈಲ್‌ಬ್ರಾನ್ ನಗರ. ಪ್ರತಿ ವರ್ಷ ಡಿಸೆಂಬರ್ 4ರ ಸಂಜೆ ಆ ನಗರದಲ್ಲಿ ಚರ್ಚಿನ ಗಂಟೆಗಳು ಮೊಳಗುತ್ತವೆ. 1944ರ ಅದೇ ಸಂಜೆ ಬ್ರಿಟಿಷ್ ವಿಮಾನಗಳು ಸುರಿಸಿದ ಬಾಂಬುಗಳಿಂದ ಹಳೆಯ ನಗರವೆಲ್ಲ ಅರ್ಧ ಗಂಟೆಯೊಳಗೆ ಉರಿಯತೊಡಗಿತು. ಆರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅನೇಕರ ಮೈಮೇಲೆ ಸುಟ್ಟ ಗಾಯವೇ ಇರಲಿಲ್ಲ. ರಕ್ಷಣೆಗೆಂದು ನೆಲಮಾಳಿಗೆಗಳಲ್ಲಿ ಕುಳಿತವರು ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಉಸಿರಾಡಿ, ಕುಳಿತಲ್ಲಿಯೇ ಪ್ರಾಣ ಬಿಟ್ಟಿದ್ದರು.

ಕೆಲ ಕಾಲದ ಹಿಂದೆ ನಮ್ಮ ಬಳಗದವರು ಒಂದು ಮನೆಯಲ್ಲಿ ಸೇರಿದ್ದಾಗ, ಊಟವಾದ ಮೇಲೆ ಈ ವಿಷಯ ಬಂತು. ಉಕ್ರೇನಿನ ಯುದ್ಧದಿಂದ ಹೊರಟ ಮಾತು ಪ್ರವಾಹ, ಭೂಕಂಪಗಳನ್ನು ಮುಟ್ಟಿ ಹೈಲ್‌ಬ್ರಾನ್‌ಗೆ ಬಂದು ನಿಂತಿತು. "ಇವರು ಮಾಡಿದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ" ಎಂದು ಒಬ್ಬರು ಹೇಳಿದರು. ಇನ್ನೊಬ್ಬರು "ದೇವರೂ ಇಲ್ಲ, ಗೀವರೂ ಇಲ್ಲ" ಎಂದರು. ಇಬ್ಬರೂ ನಮಗೆ ಬೇಕಾದವರೇ. ಚಿಕ್ಕ ಮಕ್ಕಳು ಕೇಳುತ್ತ ಕುಳಿತಿದ್ದರು. ಮಾತು ಬೆಳೆಯುವ ಮೊದಲೇ ಯಾರೋ ಕಾಫಿ ತಂದರು, ವಿಷಯ ಅಲ್ಲಿಗೇ ನಿಂತಿತು. ಆದರೆ ಮನಸ್ಸಿನಲ್ಲಿ ಅದು ನಿಲ್ಲಲಿಲ್ಲ. ಅದಕ್ಕೊಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಬಿದ್ದ ಮಳೆಯನ್ನು ಓದುಗರು ಮರೆತಿರಲಾರರು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಮನೆ, ತೋಟ, ರಸ್ತೆಗಳನ್ನು ಎಳೆದುಕೊಂಡು ಹೋದವು. ನಮ್ಮ ದೊಡ್ಡಮ್ಮನ ಕಾಫಿ ತೋಟದ ಒಂದು ಭಾಗವೂ ಹೋಯಿತು. ಸುದ್ದಿ ತಿಳಿದು ಫೋನು ಮಾಡಿದಾಗ ಏನು ಹೇಳಬೇಕೆಂದು ತೋಚದೆ, "ಎಲ್ಲಾ ದೇವರ ಇಚ್ಛೆ ದೊಡ್ಡಮ್ಮ" ಎಂದುಬಿಟ್ಟೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, "ಅದು ನನಗೆ ನಾನೇ ಹೇಳಿಕೊಳ್ಳೋ ಮಾತು ಮಗ. ನೀನು ನನಗೆ ಹೇಳೋ ಮಾತಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ದೀಪ ಹಚ್ಚಿ ಕೈಮುಗಿಯುವವರು ಅವರು. ನಾವಾದರೋ ಹಬ್ಬಕ್ಕೊಮ್ಮೆ ಕೈಮುಗಿಯುವವರು. ಆ ಮಾತಿನ ಬೆಳಕಿನಲ್ಲಿ ಹಳೆಯ ಇತಿಹಾಸದ ಕೆಲವು ಪುಟಗಳನ್ನು ತಿರುವಿ ನೋಡುವುದೇ ಈ ಲೇಖನದ ಉದ್ದೇಶ.

ಎರಡು ಶತಮಾನಗಳ ಹಿಂದಿನಿಂದ ಆರಂಭಿಸೋಣ. ಇಂದಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಜ್ವಾಲಾಮುಖಿಯಿದೆ. 1815ರ ಏಪ್ರಿಲ್ 5ರಂದು ಗುಡುಗಲಾರಂಭಿಸಿದ ಅದು 10ನೆಯ ತಾರೀಖು ಸಿಡಿದು, ತನ್ನ ಎತ್ತರದಲ್ಲಿ ಸಾವಿರಕ್ಕೂ ಹೆಚ್ಚು ಮೀಟರನ್ನು ಕಳೆದುಕೊಂಡಿತು. ಆಗ ಜಾವಾ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ನೆಪೋಲಿಯನ್ನನ ಯುದ್ಧಗಳ ಅಂಗವಾಗಿ 1811ರಲ್ಲಿ ಅವರು ಭಾರತದ ಸಿಪಾಯಿಗಳನ್ನೂ ಕರೆದೊಯ್ದು ಅದನ್ನು ಗೆದ್ದಿದ್ದರು. ಅಲ್ಲಿನ ಅಧಿಪತಿ ರ‍್ಯಾಫಲ್ಸ್ ಒಂದು ಸ್ವಾರಸ್ಯದ ಸಂಗತಿಯನ್ನು ದಾಖಲಿಸಿದ್ದಾನೆ. ನೂರಾರು ಮೈಲಿ ದೂರದ ಜಾವಾದಲ್ಲಿ ಕೇಳಿಸಿದ ಆ ಸದ್ದನ್ನು ಜನ ಫಿರಂಗಿಯ ಸದ್ದೆಂದೇ ತಿಳಿದರಂತೆ. ನೆರೆಯ ಠಾಣ್ಯಕ್ಕೆ ವೈರಿ ಮುತ್ತಿಗೆ ಹಾಕಿದ್ದಾನೆಂದು ಯೋಗ್ಯಕರ್ತದಿಂದ ಸೈನ್ಯದ ತುಕಡಿಯೊಂದು ಹೊರಟಿತು. ಯಾವುದೋ ಹಡಗು ಆಪತ್ತಿನಲ್ಲಿದೆಯೆಂದು ದೋಣಿಗಳು ಹೋದವು. ಯುದ್ಧದ ಕಾಲದಲ್ಲಿ ಬದುಕುವವರ ಕಿವಿಗೆ ಬೆಟ್ಟದ ಗುಡುಗೂ ಯುದ್ಧವಾಗಿಯೇ ಕೇಳಿಸುತ್ತದೆ!

ಆ ಬೆಟ್ಟ ಆಕಾಶಕ್ಕೆ ಎಸೆದದ್ದು ಬರೀ ಬೂದಿಯಲ್ಲ. ಸುಮಾರು ಆರು ಕೋಟಿ ಟನ್ನಿನಷ್ಟು ಗಂಧಕದ ಡೈಆಕ್ಸೈಡ್ ಅನಿಲ ವಾಯುಮಂಡಲದ ಮೇಲ್ಪದರಕ್ಕೆ ಏರಿತೆಂದು ಅಂದಾಜು. ಬೂದಿ ಕೆಲವೇ ವಾರಗಳಲ್ಲಿ ಕೆಳಗಿಳಿಯುತ್ತದೆ. ಈ ಅನಿಲ ಹಾಗಲ್ಲ. ಅದು ನೀರಾವಿಯೊಡನೆ ಸೇರಿ ಗಂಧಕಾಮ್ಲದ ಅತಿ ಸೂಕ್ಷ್ಮ ಹನಿಗಳಾಗುತ್ತದೆ. ಅಷ್ಟು ಎತ್ತರದಲ್ಲಿ ಅವನ್ನು ತೊಳೆದುಹಾಕುವ ಮಳೆಯಿಲ್ಲ. ಆದುದರಿಂದ ಆ ಹನಿಗಳು ಒಂದೆರಡು ವರ್ಷ ಭೂಮಿಗೆಲ್ಲ ತೆಳುವಾದ ಮುಸುಕಿನಂತೆ ಹರಡಿ, ಬಿಸಿಲಿನ ಒಂದಂಶವನ್ನು ಹಿಂದಕ್ಕೆ ಕಳುಹಿಸುತ್ತಿದ್ದವು. ಆ ಗಂಧಕದ ಗುರುತು ಗ್ರೀನ್‌ಲ್ಯಾಂಡಿನ ಹಿಮದಲ್ಲಿಯೂ ದಕ್ಷಿಣ ಧ್ರುವದ ಹಿಮದಲ್ಲಿಯೂ ಇಂದಿಗೂ ಪದರವಾಗಿ ಕುಳಿತಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಇದು ಸರಳವಾದ ಕ್ರಿಯೆ. ಆದರೆ 1816ರಲ್ಲಿ ಯೂರೋಪಿನ ಯಾವ ರೈತನಿಗೂ, ಯಾವ ಪಂಡಿತನಿಗೂ ಇದು ತಿಳಿದಿರಲಿಲ್ಲ.

ಅವರು ಕಂಡದ್ದು ಇಷ್ಟೇ: ಆ ವರ್ಷ ಬೇಸಿಗೆ ಬರಲಿಲ್ಲ. ನಾವಿರುವ ಈ ಸೀಮೆ ಆಗ ವುರ್ಟೆಂಬರ್ಗ್ ರಾಜ್ಯ. ಮಳೆಯ ಮೇಲೆ ಮಳೆ ಸುರಿದು ಗೋಧಿ ಹೊಲದಲ್ಲೇ ಕೊಳೆಯಿತು, ದ್ರಾಕ್ಷಿ ಹಣ್ಣಾಗಲಿಲ್ಲ. ನೆಪೋಲಿಯನ್ನನ ಯುದ್ಧಗಳಲ್ಲಿ ಸೈನ್ಯಗಳು ಕಣಜಗಳನ್ನು ಮೊದಲೇ ಬರಿದು ಮಾಡಿದ್ದವು. ಜನ ಹಿಟ್ಟಿಗೆ ಮರದ ಹೊಟ್ಟು, ಹುಲ್ಲು ಬೆರೆಸಿ ರೊಟ್ಟಿ ಸುಟ್ಟರು. ಇದು ದೇವರ ಕೋಪವಲ್ಲದೆ ಮತ್ತೇನು ಎಂದು ಅವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಈ ನಾಡಿನ ಭಕ್ತಪಂಥದ ಗುರುವಾದ ಬೆಂಗೆಲ್ ಎಂಬಾತ ಹಿಂದಿನ ಶತಮಾನದಲ್ಲಿಯೇ ಬೈಬಲ್ಲಿನಿಂದ ಲೆಕ್ಕ ಹಾಕಿ, 1836ರಲ್ಲಿ ಯುಗ ಬದಲಾಗುವುದೆಂದು ಹೇಳಿದ್ದನು. ಯುದ್ಧವಾಯಿತು, ಬರವಾಯಿತು, ಇನ್ನುಳಿದದ್ದು ಅಂತ್ಯವೇ ಎಂದು ನಂಬಿ 1817ರಲ್ಲಿ ಸಾವಿರಾರು ಭಕ್ತರು ಉಲ್ಮ್ ಪಟ್ಟಣದಲ್ಲಿ ದೋಣಿ ಹತ್ತಿ, ಡ್ಯಾನ್ಯೂಬ್ ನದಿಯಲ್ಲಿ ರಷ್ಯಾದ ಕಡೆ ಹೊರಟರು. ನೋಹನ ನಾವೆ ನಿಂತ ಅರರಾತ್ ಪರ್ವತದ ಹತ್ತಿರ ಆಶ್ರಯ ಸಿಗುವುದೆಂಬ ನಂಬಿಕೆ ಅವರಲ್ಲಿ ಅನೇಕರಿಗಿತ್ತು. ಬಹಳ ಮಂದಿ ದಾರಿಯಲ್ಲಿ ಜ್ವರ ಬಂದು ಸತ್ತರು.

ಎಲ್ಲರೂ ಹಾಗೆ ಹೊರಟವರಲ್ಲ. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ನೂರಾರು ಬಡವರು ಗಂಟುಮೂಟೆ ಕಟ್ಟಿಕೊಂಡು ಹೈಲ್‌ಬ್ರಾನ್‌ನಲ್ಲಿ, ಅಮೆರಿಕಕ್ಕೆ ಹೋಗುವ ಸಲುವಾಗಿ ನೆಕ್ಕಾರ್ ನದಿಯ ದೋಣಿಗಳಿಗೆ ಕಾಯುತ್ತಿದ್ದರು. ಇವರು ಏಕೆ ನಾಡು ಬಿಡುತ್ತಿದ್ದಾರೆಂದು ತಿಳಿದು ಬರಲು ಸರ್ಕಾರ ಫ್ರೀಡ್ರಿಕ್ ಲಿಸ್ಟ್ ಎಂಬ ತರುಣ ಅಧಿಕಾರಿಯನ್ನು ಕಳುಹಿಸಿತು. ಹೈಲ್‌ಬ್ರಾನ್, ವೈನ್ಸ್‌ಬರ್ಗ್, ನೆಕ್ಕಾರ್‌ಸುಲ್ಮ್‌ಗಳಲ್ಲಿ ಆತ ಕುಳಿತು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡ. ಅವರು ಹಸಿವನ್ನು ಹೇಳಿದರು; ಅದರ ಜೊತೆಗೆ ತೆರಿಗೆಯ ಭಾರ, ಅಧಿಕಾರಿಗಳ ಮತ್ತು ಕರಣಿಕರ ಕಿರುಕುಳ, ಕೇಳುವವರಿಲ್ಲದ ಅನ್ಯಾಯಗಳನ್ನೂ ಹೇಳಿದರು. ಆಕಾಶದಿಂದ ಬಂದದ್ದು ಯಾವುದು, ಕಚೇರಿಯಿಂದ ಬಂದದ್ದು ಯಾವುದು ಎಂಬ ವ್ಯತ್ಯಾಸ ಆ ಹಸಿದ ಜನರಿಗೆ ಚೆನ್ನಾಗಿ ತಿಳಿದಿತ್ತು. ಲಿಸ್ಟ್ ಮುಂದೆ ಆಡಳಿತದ ಸುಧಾರಣೆ ಬೇಡಿ ಸೆರೆಮನೆ ಕಂಡು, 1825ರಲ್ಲಿ ತಾನೂ ಅಮೆರಿಕಕ್ಕೆ ಹೋಗಬೇಕಾಯಿತು. ಹೆಸರಾಂತ ಅರ್ಥಶಾಸ್ತ್ರಜ್ಞನಾದ ಆತನ ವಿಚಾರಗಳು ನಮ್ಮ ನ್ಯಾಯಮೂರ್ತಿ ರಾನಡೆಯವರ ಮೇಲೂ ಪ್ರಭಾವ ಬೀರಿದವು.

ಹಾಗೆಂದು ಆಳುವವರೆಲ್ಲ ಕಣ್ಣು ಮುಚ್ಚಿ ಕುಳಿತಿದ್ದರೆಂದಲ್ಲ. 1816ರ ಕೊನೆಯಲ್ಲಿ ಪಟ್ಟಕ್ಕೆ ಬಂದ ರಾಜ ವಿಲ್ಹೆಲ್ಮ್ ಮತ್ತು ರಾಣಿ ಕಥರೀನಾ ಹೊರಗಿನಿಂದ ಧಾನ್ಯ ತರಿಸಿದರು. ರಾಣಿ ಊರೂರಿಗೆ ಸಹಾಯ ಸಂಘಗಳನ್ನು ಕಟ್ಟಿಸಿದಳು. 1818ರಲ್ಲಿ ಬಡವರ ಪುಡಿಗಾಸಿಗಾಗಿ ಉಳಿತಾಯ ಬ್ಯಾಂಕೊಂದನ್ನು ತೆರೆಸಿದಳು. ಅದೇ ವರ್ಷ ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ ಇಂದಿನ ವಿಶ್ವವಿದ್ಯಾಲಯ. ನಮ್ಮ ಮಕ್ಕಳು ತೊಟ್ಟಿಲು ಚಕ್ರ ಹತ್ತಲು ಹಟ ಮಾಡುವ ಕಾನ್‌ಸ್ಟಾಟ್ ಜಾತ್ರೆಯೂ ಅದೇ 1818ರ ಸೆಪ್ಟೆಂಬರಿನಲ್ಲಿ ರೈತರಿಗೆ ಧೈರ್ಯ ತುಂಬಲೆಂದು ಆರಂಭವಾದ ಕೃಷಿ ಉತ್ಸವ. ರಾಣಿ ದೈವಭಕ್ತೆಯೇ. ಆದರೆ ಆಕೆಯ ಭಕ್ತಿ ಕಣಜದ ಬಾಗಿಲು ತೆರೆಯಿತು. ಎಲ್ಲ ಭಕ್ತಿಯೂ ಆ ಕೆಲಸ ಮಾಡುವುದಿಲ್ಲ.

ಇಲ್ಲಿ ಕನ್ನಡಿಗರಾದ ನಮಗೆ ಹತ್ತಿರದ ಒಂದು ಎಳೆಯೂ ಸೇರಿಕೊಳ್ಳುತ್ತದೆ. ತಂಬೋರಾ ಸಿಡಿದ ಆ 1815ರಲ್ಲಿಯೇ, ವಾಟರ್ಲೂ ಯುದ್ಧ ಮುಗಿದ ಕೆಲವೇ ದಿನಗಳಿಗೆ, ಫ್ರೆಂಚರ ಹ್ಯೂನಿಂಗೆನ್ ಕೋಟೆಯಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೇಲೆ ಗುಂಡುಗಳು ಬಿದ್ದವು. ನಗರ ಹೆಚ್ಚಿನ ಹಾನಿಯಿಲ್ಲದೆ ಉಳಿಯಿತು. ದೇವರು ಬಿರುಗಾಳಿ ಕಳುಹಿಸಿ ಗುಂಡುಗಳನ್ನು ತಡೆದನೆಂದೂ ಅದರ ಕೃತಜ್ಞತೆಗಾಗಿ ಭಕ್ತರು ಒಂದು ಸಂಸ್ಥೆಯನ್ನು ಕಟ್ಟಿದರೆಂದೂ ಹಳೆಯ ಕಥನಗಳು ಹೇಳುತ್ತವೆ. 1815ರ ಸೆಪ್ಟೆಂಬರ್ 25ರಂದು ಹುಟ್ಟಿದ ಆ ಸಂಸ್ಥೆಯೇ ಬಾಸೆಲ್ ಮಿಷನ್. ಅದರ ಪಾಠಶಾಲೆ ತೆರೆದದ್ದು ಬೇಸಿಗೆಯಿಲ್ಲದ ಆ 1816ರಲ್ಲಿ. ಅದಕ್ಕೆ ಹಣವನ್ನೂ ಯುವಕರನ್ನೂ ಧಾರಾಳವಾಗಿ ಕೊಟ್ಟದ್ದು ಹಸಿವಿನಿಂದ ಚೇತರಿಸಿಕೊಳ್ಳುತ್ತಿದ್ದ ಈ ವುರ್ಟೆಂಬರ್ಗ್ ಸೀಮೆ. ಅಬ್‌ಸ್ಟಾಟಿನಿಂದ ನೆಕ್ಕಾರ್ ನದಿ ದಾಟಿದರೆ ಬ್ರಾಕೆನ್‌ಹೈಮ್ ಎಂಬ ಊರು ಸಿಗುತ್ತದೆ. ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಅಲ್ಲಿ. ಬರ ಬಂದಾಗ ಅವನು ಐದು ವರ್ಷದ ಮಗು. ಬೆಂಗೆಲ್ ಯುಗಾಂತ್ಯವನ್ನು ಗೊತ್ತುಪಡಿಸಿದ್ದ 1836ರಲ್ಲಿಯೇ ಅವನು ಮಂಗಳೂರಿಗೆ ಬಂದ. ಲೋಕ ಮುಗಿಯಲಿಲ್ಲ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಿತ್ತು. ಇಂದು ನಾವು ಸೈಕ್ಲೋಸ್ಟೈಲ್ ಮಾಡಿ ಹಂಚುವ ಈ ಹಾಳೆಗಳೂ ಒಂದರ್ಥದಲ್ಲಿ ಅದರ ಮೊಮ್ಮಕ್ಕಳೇ.

ಮೋಗ್ಲಿಂಗ್ ಮತಪ್ರಚಾರಕ್ಕೆ ಬಂದವನು, ನಮ್ಮ ದೇವರುಗಳ ಬಗ್ಗೆ ಅವನ ಅಭಿಪ್ರಾಯ ನಮಗೆ ಹಿಡಿಸುವಂಥದಲ್ಲ. ಆದರೂ ಅವನು ಕನ್ನಡವನ್ನು ಕಲಿತು ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಮಾಡಿಸಿದ. ಫಿರಂಗಿಯ ಗುಂಡು ತಪ್ಪಿದ್ದಕ್ಕೆ ಕೃತಜ್ಞತೆಯಾಗಿ ಹುಟ್ಟಿತೆನ್ನುವ ಸಂಸ್ಥೆ ಕೊನೆಗೆ ಪೆಟ್ಟು ತಿಂದದ್ದೂ ಯುದ್ಧದಿಂದಲೇ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಅದರ ಜರ್ಮನ್ ಪಾದ್ರಿಗಳನ್ನು ಭಾರತದಲ್ಲಿ ಬಂಧಿಸಿ ಹೊರಗೆ ಕಳುಹಿಸಿದರು. ಅದರ ಹೆಂಚಿನ ಕಾರ್ಖಾನೆಗಳು, ನೇಯ್ಗೆಯ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಈ ಸಲ ಬಿರುಗಾಳಿ ಬೀಸಲಿಲ್ಲ.

ಈಗ ನಮ್ಮ ನಾಡಿನ ಕಡೆ ತಿರುಗೋಣ. ನಮ್ಮ ಅಜ್ಜಂದಿರ ಅಜ್ಜಂದಿರು 'ಧಾತು ಈಶ್ವರ ಬರ' ಎಂದು ಕರೆದ ಬರಗಾಲ 1876ರಿಂದ 78ರವರೆಗೆ ಬಂತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷವಿತ್ತು. 1881ರಲ್ಲಿ ಅದು ನಲವತ್ತೆರಡು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಮಳೆ ಕೈಕೊಟ್ಟದ್ದು ನಿಜ. ಶಾಂತಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಕೆಡಿಸುವ ಎಲ್ ನಿನೋ ಎಂಬ ವಿದ್ಯಮಾನ 1877ರಲ್ಲಿ ಬಹಳ ಬಲವಾಗಿತ್ತೆಂದು ಇಂದು ತಿಳಿದಿದೆ. ಆದರೆ ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಸಿದ. ಬಳ್ಳಾರಿಯನ್ನೊಳಗೊಂಡ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದರು. ಇಷ್ಟರಿಂದ ದುಡಿಯುವ ಮೈ ಉಳಿಯದು ಎಂದು ಕಾರ್ನಿಷ್ ಎಂಬ ವೈದ್ಯಾಧಿಕಾರಿ ಪಟ್ಟು ಹಿಡಿದು ವಾದಿಸಿದ. ಮುಂದಿನ ಬರಗಾಲಗಳಿಗೆಂದು ಹಾಕಿದ ಹೊಸ ತೆರಿಗೆಯ ಹಣವೂ ಅಫ್ಘನ್ ಯುದ್ಧಕ್ಕೆ ಹರಿಯಿತೆಂಬ ಆಕ್ಷೇಪ ಅಂದೇ ಎದ್ದಿತು. ಇಂಥ ಸಮಯದಲ್ಲಿ ಹೊಟ್ಟೆ ತುಂಬಿದವನು ಹಸಿದವನಿಗೆ "ಇದು ದೈವೇಚ್ಛೆ" ಎಂದರೆ, ಅದು ಭಕ್ತಿಯಲ್ಲ. ಲೆಕ್ಕದ ಪುಸ್ತಕವನ್ನು ಮುಚ್ಚಿಡುವ ಉಪಾಯ.

ಅಷ್ಟೇ ಅಲ್ಲ, ದೈವೇಚ್ಛೆಯ ಮಾತು ಬಹಳ ಸಲ ಬಲವಿಲ್ಲದವರ ತಲೆಯ ಮೇಲೆಯೇ ಬಂದು ಬೀಳುತ್ತದೆ. ನಮ್ಮ 'ಕೆರೆಗೆ ಹಾರ' ಜನಪದ ಗೀತೆಯನ್ನು ನೆನೆಯೋಣ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಬಲಿಯಾಗಬೇಕಾದವಳು ಸೊಸೆ. ಹಿರಿಯ ಸೊಸೆಯನ್ನೂ ಬಿಟ್ಟು ಕಿರಿಯವಳಾದ ಭಾಗೀರಥಿಯನ್ನೇ ಆರಿಸಿದರು. ಗೌಡನ ಹೆಸರಾಗಲಿ ಶಾಸ್ತ್ರ ಹೇಳಿದವನ ಹೆಸರಾಗಲಿ ಆ ಹೊತ್ತಿಗೆಯಲ್ಲಿ ಬರಲೇ ಇಲ್ಲ! ಬಾಸೆಲ್ ನಗರದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಪ್ಲೇಗು ಯೂರೋಪನ್ನು ವ್ಯಾಪಿಸುತ್ತಿದ್ದಾಗ, ಬಾವಿಗಳಿಗೆ ವಿಷ ಹಾಕಿದರೆಂಬ ಆರೋಪ ಹೊರಿಸಿ 1349ರ ಜನವರಿಯಲ್ಲಿ ಅಲ್ಲಿನ ಯಹೂದಿಗಳನ್ನು ಸುಟ್ಟರು. ಏಳು ವರ್ಷಗಳ ಮೇಲೆ, 1356ರ ಅಕ್ಟೋಬರ್ 18ರಂದು, ಭಾರಿ ಭೂಕಂಪ ಅದೇ ನಗರವನ್ನು ಕೆಡವಿತು. ಆ ಭೂಕಂಪವನ್ನು ಈ ಪಾಪಕ್ಕೆ ಶಿಕ್ಷೆಯೆಂದು ಓದಲು ನಮಗೂ ಕೈ ತುರಿಸುತ್ತದೆ. ಆದರೆ ಕುಸಿದ ಮನೆಗಳ ಕೆಳಗೆ ಸಿಕ್ಕಿದವರಲ್ಲಿ 1349ರ ಬಳಿಕ ಹುಟ್ಟಿದ ಮಕ್ಕಳೂ ಇದ್ದಿರಬೇಕಲ್ಲವೇ?

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಇಬ್ಬರು ಮಹನೀಯರು ಬಹಿರಂಗವಾಗಿಯೇ ಚರ್ಚಿಸಿದ್ದುಂಟು. 1934ರ ಜನವರಿ 15ರಂದು ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೂಕಂಪವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹರಿಜನೋದ್ಧಾರಕ್ಕಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಠಾಕೂರರು ನೊಂದು ಉತ್ತರ ಬರೆದರು. ಭೌತಿಕ ದುರಂತಕ್ಕೆ ಭೌತಿಕ ಕಾರಣವೇ ಇರುತ್ತದೆ. ಇಂಥ ವಾದವನ್ನು ಗಾಂಧೀಜಿಯ ವಿರೋಧಿಗಳೂ ಅಷ್ಟೇ ಸುಲಭವಾಗಿ ಅವರ ಮೇಲೆಯೇ ತಿರುಗಿಸಬಹುದು ಎಂಬುದು ಅವರ ಮಾತಿನ ಸಾರ. ಗಾಂಧೀಜಿ ಆ ಪತ್ರವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿ ಫೆಬ್ರವರಿಯಲ್ಲಿ ಅಚ್ಚು ಹಾಕಿ, ತಮ್ಮ ನಂಬಿಕೆಗೆ ಅಂಟಿಕೊಂಡೇ ಉತ್ತರ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಅವರು ಕೊಡಗು, ಮಂಗಳೂರುಗಳಿಗೂ ಬಂದಿದ್ದರು.

ವಿಜ್ಞಾನಿಗಳಾಗಿ ನಾವು ಠಾಕೂರರ ಪಕ್ಷ. ಹಿಮಾಲಯದ ಕೆಳಗೆ ಭೂಫಲಕಗಳು ಒತ್ತಿಕೊಂಡಿರುವುದಕ್ಕೂ ದೇವಸ್ಥಾನದ ಬಾಗಿಲು ಮುಚ್ಚಿದ್ದಕ್ಕೂ ಸಂಬಂಧವಿಲ್ಲ. ಆದರೂ ಗಾಂಧೀಜಿಯ ಪರವಾಗಿ ಒಂದು ಮಾತು ಹೇಳಬೇಕು: ಅವರು ಬೆರಳು ತೋರಿಸಿದ್ದು ಅನ್ಯರ ಕಡೆಗಲ್ಲ, ತಮ್ಮ ಸಮಾಜದ ಕಡೆಗೆ, ತಮ್ಮ ಕಡೆಗೆ. ದೊಡ್ಡಮ್ಮನ ಮಾತಿನಲ್ಲಿ ಹೇಳುವುದಾದರೆ ಅದು 'ತನಗೆ ತಾನೇ ಹೇಳಿಕೊಳ್ಳುವ ಮಾತು' ಆಗಿತ್ತು. ಆದರೆ ಅದನ್ನು ಕೇಳಿಸಿಕೊಂಡವರಲ್ಲಿ ಮಕ್ಕಳನ್ನು ಕಳೆದುಕೊಂಡ ಬಿಹಾರದ ತಾಯಂದಿರೂ ಇದ್ದರು. ಸತ್ತವರಲ್ಲಿ ಹರಿಜನರೂ ಇದ್ದರು. ಅಲ್ಲಿಗೆ ಅದು ಇನ್ನೊಬ್ಬರಿಗೆ ಹೇಳಿದ ಮಾತೂ ಆಯಿತು. ಮಹಾತ್ಮರಿಗೂ ಈ ಗೆರೆಯನ್ನು ಕಾಯುವುದು ಕಷ್ಟವಾಗಿರುವಾಗ ನಮ್ಮಂಥವರ ಪಾಡೇನು?

ಹಾಗಾದರೆ ವಿಜ್ಞಾನವೇ ಎಲ್ಲಕ್ಕೂ ಉತ್ತರವೇ? ಅಷ್ಟು ಜಂಬ ನಮ್ಮ ವೃತ್ತಿಗೆ ಸಲ್ಲದು. ಫ್ರಿಟ್ಜ್ ಹೇಬರ್ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ತಯಾರಿಸುವ ಕ್ರಮವನ್ನು ಕಂಡುಹಿಡಿದನು. ಇಲ್ಲಿ ನಿತ್ಯ ಕಾಣುವ ಹೆಸರಿನ ರಾಬರ್ಟ್ ಬಾಷ್‌ರ ಸೋದರನ ಮಗ ಕಾರ್ಲ್ ಬಾಷ್ 1913ರಲ್ಲಿ ಅದನ್ನು ಒಪ್ಪಾವ್‌ನ ಕಾರ್ಖಾನೆಗೆ ಏರಿಸಿದನು. ಇನ್ನು ಬರಗಾಲವಿಲ್ಲ ಎನ್ನಿಸುವಂಥ ಗೊಬ್ಬರ ಅದರಿಂದ ಬಂತು. ಮರುವರ್ಷ ಯುದ್ಧ ಆರಂಭವಾದಾಗ ಸಿಡಿಮದ್ದಿಗೆ ಬೇಕಾದ ಸಾರಜನಕವೂ ಅದರಿಂದಲೇ ಬಂತು. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲವನ್ನು ಹರಿಯಬಿಡಿಸಿದವನೂ ಅದೇ ಹೇಬರ್. ತಂಬೋರಾದ ಗಂಧಕಕ್ಕೆ ಮನಸ್ಸಿರಲಿಲ್ಲ, ಅದು ಯಾರನ್ನೂ ಗುರಿಯಿಟ್ಟು ಕೊಲ್ಲಲಿಲ್ಲ. ಕ್ಲೋರಿನ್ನಿಗೂ ಮನಸ್ಸಿರಲಿಲ್ಲ, ಆದರೆ ಕೊಳಾಯಿ ತಿರುಗಿಸಿದ ಕೈಗೆ ಇತ್ತು. ಪ್ರಕೃತಿಯ ವಿಕೋಪಕ್ಕೆ ಕಾರಣವಿರುತ್ತದೆ, ಅಪರಾಧಿಯಿರುವುದಿಲ್ಲ. ಯುದ್ಧಕ್ಕೆ ಎರಡೂ ಇರುತ್ತವೆ. ಎರಡನ್ನೂ 'ದೇವರ ಮುನಿಸು' ಎಂಬ ಒಂದೇ ಚೀಲಕ್ಕೆ ತುಂಬಿದರೆ ನಿರಪರಾಧಿ ಅಪರಾಧಿಯಾಗುತ್ತಾನೆ, ಅಪರಾಧಿ ತಪ್ಪಿಸಿಕೊಳ್ಳುತ್ತಾನೆ. ಇವೆರಡರ ನಡುವೆ ಬರುವ ದುರಂತಗಳೂ ಉಂಟು. 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಮಳೆಯನ್ನಷ್ಟೇ ದೂರಿದರೆ ಸಾಕೇ? ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ರೀತಿಯನ್ನೂ ಕೇಳಬೇಕು.

ಇನ್ನು ಹೈಲ್‌ಬ್ರಾನ್ ವಿಷಯ. ಈ ನಗರದ ಜನ 1938ರ ನವೆಂಬರ್ 10ರಂದು ತಮ್ಮೂರಿನ ಯಹೂದಿಗಳ ಮಂದಿರ ಉರಿಯುವುದನ್ನು ಕಂಡವರು. ಆರು ವರ್ಷಗಳ ಮೇಲೆ ಊರೇ ಉರಿಯಿತು. ಎರಡನ್ನೂ ಜೋಡಿಸಿ ಶಿಕ್ಷೆಯೆಂದು ಹೇಳುವುದು ಸುಲಭ. ನಮ್ಮ ಬಳಗದ ಮಿತ್ರರು ಹೇಳಿದ್ದೂ ಅದನ್ನೇ. ಆದರೆ ನೆಲಮಾಳಿಗೆಯಲ್ಲಿ ಉಸಿರುಗಟ್ಟಿದ ಮೂರು ವರ್ಷದ ಮಗು ಯಾವ ಮಂದಿರಕ್ಕೂ ಬೆಂಕಿಯಿಟ್ಟಿರಲಿಲ್ಲ. ಈ ಲೆಕ್ಕವನ್ನು ಹೊರಗಿನವರು ಮಾಡಬಾರದು. ಒಳಗಿನವರು ಮಾಡಿಕೊಂಡಾಗ ಅದಕ್ಕೆ ಬೇರೆಯೇ ತೂಕ. 1945ರ ಅಕ್ಟೋಬರಿನಲ್ಲಿ, ಬೂದಿಯಾಗಿದ್ದ ಸ್ಟುಟ್‌ಗಾರ್ಟ್‌ನಲ್ಲಿ, ಜರ್ಮನಿಯ ಪ್ರಾಟೆಸ್ಟೆಂಟ್ ಚರ್ಚಿನ ಮುಖ್ಯಸ್ಥರು ಸೇರಿದರು. ವುರ್ಟೆಂಬರ್ಗಿನ ಬಿಷಪ್ ವುರ್ಮ್, ಹಿಟ್ಲರನ ಸೆರೆಯಿಂದ ಬಿಡುಗಡೆಯಾದ ನೀಮೊಲ್ಲರ್ ಮೊದಲಾದವರು ಅಲ್ಲಿದ್ದರು. ತಮ್ಮಿಂದ ಅನೇಕ ನಾಡುಗಳಿಗೆ ಅಪಾರ ದುಃಖ ಬಂದಿತೆಂದೂ ತಾವು ಸಾಕಷ್ಟು ಧೈರ್ಯ ತೋರಲಿಲ್ಲವೆಂದೂ ಅವರು ಬರೆದು ಒಪ್ಪಿಕೊಂಡರು. ಆ ಹೇಳಿಕೆಯಲ್ಲಿ ಕೊರತೆಗಳಿದ್ದವು. ಯಹೂದಿಗಳ ಹೆಸರನ್ನೇ ಅದು ಎತ್ತಲಿಲ್ಲ. ಮನೆಮಠ ಕಳೆದುಕೊಂಡ ಸ್ವಂತ ಜನರೂ ಅವರ ಮೇಲೆ ಹರಿಹಾಯ್ದರು. ಆದರೂ ಸೋತವರು ಗೆದ್ದವರ ತಪ್ಪನ್ನು ಎಣಿಸದೆ ತಮ್ಮದನ್ನು ಎಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ದೇವರಿದ್ದಾನೆಯೇ, ಇದ್ದರೆ ಇದನ್ನೆಲ್ಲ ಏಕೆ ಬಿಟ್ಟ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಪ್ರಯೋಗಶಾಲೆಯಲ್ಲಿ ಅದನ್ನು ಅಳೆಯುವ ತಕ್ಕಡಿಯೂ ಇಲ್ಲ. ಆದರೆ ಮಕ್ಕಳು ಕೇಳಿದಾಗ ಹೇಳಲು ಇಷ್ಟಾದರೂ ಇದೆ: ದುಃಖದಲ್ಲಿರುವವರು ದೇವರ ಹೆಸರು ಹೇಳಿದರೆ ತಲೆಬಾಗಿ ಕೇಳಬೇಕು. ನಾವು ಅವರಿಗೆ ಹೇಳಬೇಕಾದದ್ದು, "ಏನು ಬೇಕು, ಏನು ಕಳುಹಿಸಲಿ?" ಎಂದು. ದೊಡ್ಡಮ್ಮನಿಗೆ ಆ ಮಾತನ್ನು ನಾವು ಹೇಳಿದ್ದು ಮೂರು ದಿನ ತಡವಾಗಿ. ಅವರು ಕೇಳಿದ್ದು ಹಣವನ್ನಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಬಂದು ಹೋಗು ಎಂದರು. ಹೋದೆವು. ಜರಿದ ಕೆಂಪು ಮಣ್ಣಿನ ಅಂಚಿನಲ್ಲಿ ಅವರು ಸಿಲ್ವರ್ ಓಕ್ ಸಸಿಗಳನ್ನು ನೆಡಿಸಿದ್ದರು. ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು.

ಈ ವರ್ಷ ಡಿಸೆಂಬರ್ 4ರ ಸಂಜೆ ಹೈಲ್‌ಬ್ರಾನ್‌ನ ಕಿಲಿಯನ್ ಚರ್ಚಿನ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಮನೆಯಲ್ಲಿ ಯೋಚಿಸಿದ್ದೇವೆ. ಬಳಗದವರು ಯಾರಾದರೂ ಬರುವುದಾದರೆ ಸಂತೋಷ. ಅಂದು ವಾದ ಮಾಡಿದ ಆ ಇಬ್ಬರು ಮಿತ್ರರೂ ಬಂದರೆ ಇನ್ನೂ ಸಂತೋಷ. ಮಕ್ಕಳನ್ನೂ ಕರೆತನ್ನಿ, ಬೆಚ್ಚಗೆ ಉಡಿಸಿ ಕರೆತನ್ನಿ. ಅಲ್ಲಿ ಯಾರೂ ಏನೂ ಹೇಳಬೇಕಾದ್ದಿಲ್ಲ. ಗಂಟೆ ನಿಲ್ಲುವವರೆಗೆ ನಿಂತಿದ್ದು ಬಂದರೆ ಸಾಕು.